ವಿಮಾನದ ಟಿಕೆಟ್ ಎಂಬ ಕೈಸಾಲ: ವಾವ್ ಏರ್ ಮುಳುಗಿದಾಗ ಯಾರ ದುಡ್ಡು ಹೋಯ್ತು?

2025ರ ಸೆಪ್ಟೆಂಬರ್ 29, ಸೋಮವಾರ. ಐಸ್‌ಲ್ಯಾಂಡಿನ ಅಗ್ಗದ ವಿಮಾನಯಾನ ಸಂಸ್ಥೆ ‘ಪ್ಲೇ’ ತನ್ನ ಎಲ್ಲ ವಿಮಾನಗಳನ್ನೂ ರದ್ದು ಮಾಡಿ ಬಾಗಿಲು ಹಾಕಿತು. ಸುಮಾರು 400 ಜನರ ಕೆಲಸ ಒಂದೇ ದಿನದಲ್ಲಿ ಹೋಯ್ತು. ಟಿಕೆಟ್ ಕೊಂಡವರಿಗೆ ಸಿಕ್ಕಿದ ಸಲಹೆಯ ಸಾರಾಂಶ ಇಷ್ಟೇ: ಬೇರೆ ವಿಮಾನ ನೋಡಿಕೊಳ್ಳಿ, ದುಡ್ಡಿಗೆ ನಿಮ್ಮ ಕಾರ್ಡ್ ಕಂಪನಿಯನ್ನು ಕೇಳಿ.

ಐಸ್‌ಲ್ಯಾಂಡ್ ಜನ ಈ ಸಿನಿಮಾವನ್ನು ಮೊದಲೇ ನೋಡಿದ್ದರು. ಆರು ವರ್ಷಗಳ ಹಿಂದೆ, 2019ರ ಮಾರ್ಚ್ 28ರಂದು, ‘ವಾವ್ ಏರ್’ ಹೀಗೇ ಮುಚ್ಚಿತ್ತು. ಆಗ ಕೆಲಸ ಕಳೆದುಕೊಂಡವರು ಸುಮಾರು 1,100 ಮಂದಿ. ‘ಪ್ಲೇ’ ಕಟ್ಟಿದವರಲ್ಲೇ ವಾವ್‌ನ ಹಳೆಯ ಅಧಿಕಾರಿಗಳಿದ್ದರು. ವಿಮಾನದ ಬಣ್ಣ ನೇರಳೆಯಿಂದ ಕೆಂಪಾಯಿತು, ಕ್ಲೈಮ್ಯಾಕ್ಸ್ ಬದಲಾಗಲಿಲ್ಲ.

ವಾವ್ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಅದನ್ನು ಮಾಲೀಕನ ಅತಿಯಾಸೆಯ ಕಥೆಯಾಗಿ ಹೇಳುತ್ತಾರೆ. ಅತಿಯಾಸೆ ಇತ್ತು, ನಿಜ. ಆದರೆ ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಇನ್ನೊಂದು ಪ್ರಶ್ನೆ. ವಿಮಾನ ಕಂಪನಿ ಹಾರುತ್ತಿರುವಾಗ ಅದಕ್ಕೆ ಸಾಲ ಕೊಟ್ಟವರು ಯಾರು, ಬಿದ್ದಾಗ ಆ ಸಾಲ ವಾಪಸ್ ಸಿಕ್ಕಿದ್ದು ಯಾರಿಗೆ? ಆ ಪಟ್ಟಿಯಲ್ಲಿ ನೀವೂ ಇದ್ದೀರಿ, ನಾನೂ ಇದ್ದೀನಿ. ಪಟ್ಟಿಯ ಕೊನೆಯಲ್ಲಿ ಇದ್ದೀವಿ.

ಏಳು ವರ್ಷದ ಏರಿಕೆ

ಸ್ಕೂಲಿ ಮೊಗೆನ್ಸೆನ್ ಮೊದಲು ಟೆಕ್ ಉದ್ಯಮಿ. ಅವರು ಕಟ್ಟಿದ ‘ಓಜ಼್’ ಎಂಬ ಮೊಬೈಲ್ ಸಾಫ್ಟ್‌ವೇರ್ ಕಂಪನಿಯನ್ನು 2008ರಲ್ಲಿ ನೋಕಿಯಾ ಕೊಂಡುಕೊಂಡಿತು. 2011ರ ನವೆಂಬರ್‌ನಲ್ಲಿ ಅವರು ವಾವ್ ಶುರು ಮಾಡಿದರು. ಮೊದಲ ವಿಮಾನ ಹಾರಿದ್ದು 2012ರ ಮೇ 31ಕ್ಕೆ, ಪ್ಯಾರಿಸ್‌ಗೆ. ಅದೇ ವರ್ಷ ‘ಐಸ್‌ಲ್ಯಾಂಡ್ ಎಕ್ಸ್‌ಪ್ರೆಸ್’ ಎಂಬ ಪ್ರತಿಸ್ಪರ್ಧಿಯ ವಹಿವಾಟನ್ನೂ ತೆಕ್ಕೆಗೆ ಹಾಕಿಕೊಂಡರು.

ಐಡಿಯಾ ಚೆನ್ನಾಗಿತ್ತು. ಭೂಪಟದಲ್ಲಿ ಐಸ್‌ಲ್ಯಾಂಡ್ ಯುರೋಪಿಗೂ ಅಮೆರಿಕಕ್ಕೂ ನಡುವೆ ಕೂತಿದೆ. ನೇರವಾಗಿ ಅಟ್ಲಾಂಟಿಕ್ ದಾಟಲು ಸಾಮಾನ್ಯವಾಗಿ ದೊಡ್ಡ ವಿಮಾನ ಬೇಕು. ಆದರೆ ಕೆಫ್ಲಾವಿಕ್‌ನಲ್ಲಿ ಇಳಿಸಿ, ಬದಲಿಸಿ ಕಳಿಸಿದರೆ ಏರ್‌ಬಸ್ ಎ321ನಂಥ ಸಣ್ಣ ವಿಮಾನ ಸಾಕು. ಇಂಧನ ಕಡಿಮೆ, ಬಾಡಿಗೆ ಕಡಿಮೆ. ಬ್ಯಾಗಿಗೆ, ಊಟಕ್ಕೆ, ಕಾಲು ಚಾಚುವ ಜಾಗಕ್ಕೆ ಬೇರೆ ಬೇರೆ ಚಾರ್ಜ್ ಹಾಕಿ, ಟಿಕೆಟ್ ದರ ಮಾತ್ರ ಕಣ್ಣು ಕುಕ್ಕುವಷ್ಟು ಕೆಳಗಿಟ್ಟರು. 2015ರಲ್ಲಿ ಬಾಸ್ಟನ್‌ಗೆ ಹಾರಲು ಶುರು ಮಾಡಿದಾಗ 99 ಡಾಲರ್‌ಗೆ ಅಟ್ಲಾಂಟಿಕ್ ದಾಟಿಸುತ್ತೇವೆ ಅಂತ ಜಾಹೀರಾತು ಕೊಟ್ಟರು. 2018ರ ಹೊತ್ತಿಗೆ ವರ್ಷಕ್ಕೆ ಸುಮಾರು 35 ಲಕ್ಷ ಪ್ರಯಾಣಿಕರು.

ದೇಶಕ್ಕೂ ಇದು ಬೇಕಾಗಿತ್ತು. 2008ರಲ್ಲಿ ಐಸ್‌ಲ್ಯಾಂಡಿನ ಮೂರೂ ದೊಡ್ಡ ಬ್ಯಾಂಕುಗಳು ಕುಸಿದಿದ್ದವು. ಆ ಗುಂಡಿಯಿಂದ ದೇಶವನ್ನು ಎತ್ತಿದ್ದು ಬಹುಮಟ್ಟಿಗೆ ಪ್ರವಾಸೋದ್ಯಮ. 2010ರಲ್ಲಿ 5 ಲಕ್ಷದ ಆಸುಪಾಸಿನಲ್ಲಿದ್ದ ವಿದೇಶಿ ಪ್ರವಾಸಿಗರ ಸಂಖ್ಯೆ 2018ಕ್ಕೆ 23 ಲಕ್ಷ ತಲುಪಿತು. ದೇಶದ ಒಟ್ಟು ಜನಸಂಖ್ಯೆ ಆಗ ಸುಮಾರು ಮೂರೂವರೆ ಲಕ್ಷ, ನಮ್ಮ ಮಂಗಳೂರು ನಗರಕ್ಕಿಂತ ಕಡಿಮೆ. ಹೀಗಾಗಿ ವಾವ್ ನಡೆಯುತ್ತಿರಲಿ ಎಂಬ ಆಸೆ ಮಾಲೀಕನಿಗೆ ಮಾತ್ರ ಇದ್ದದ್ದಲ್ಲ, ಹೋಟೆಲ್, ಟ್ಯಾಕ್ಸಿ, ಸರ್ಕಾರ ಎಲ್ಲರಿಗೂ ಇತ್ತು.

ಟಿಕೆಟ್ ದುಡ್ಡು ಎಲ್ಲಿರುತ್ತೆ?

ಈಗ ಸ್ವಲ್ಪ ಲೆಕ್ಕ. ನೀವು ಜನವರಿಯಲ್ಲಿ ಜುಲೈ ತಿಂಗಳ ಟಿಕೆಟ್ ಕೊಳ್ತೀರಿ. ದುಡ್ಡು ಇವತ್ತೇ ಹೋಯ್ತು, ಪ್ರಯಾಣ ಆರು ತಿಂಗಳ ನಂತರ. ಮಧ್ಯದ ಆರು ತಿಂಗಳು ಆ ದುಡ್ಡು ಎಲ್ಲಿರುತ್ತೆ? ನಿಮ್ಮ ಹೆಸರಲ್ಲಿ ಎಲ್ಲೋ ಭದ್ರವಾಗಿರುತ್ತೆ ಅಂದುಕೊಂಡಿದ್ದರೆ, ಇಲ್ಲ. ಕಾರ್ಡ್ ಕಂಪನಿ ತಡೆಹಿಡಿಯದಿದ್ದರೆ ಅದು ನೇರ ವಿಮಾನ ಕಂಪನಿಯ ಗಲ್ಲಾಪೆಟ್ಟಿಗೆಗೆ ಹೋಗುತ್ತೆ. ಫೆಬ್ರವರಿಯ ಇಂಧನಕ್ಕೆ, ಮಾರ್ಚ್‌ನ ಸಂಬಳಕ್ಕೆ, ಏಪ್ರಿಲ್‌ನ ವಿಮಾನ ಬಾಡಿಗೆಗೆ ಖರ್ಚಾಗುತ್ತೆ.

ಇದರಲ್ಲಿ ಮೋಸ ಇಲ್ಲ, ಕಾನೂನಿಗೆ ವಿರುದ್ಧವಾದದ್ದೂ ಇಲ್ಲ. ಜಗತ್ತಿನ ಬಹುತೇಕ ವಿಮಾನ ಕಂಪನಿಗಳು ನಡೆಯೋದೇ ಹೀಗೆ. ಆದರೆ ಇದನ್ನು ಅದರ ಸರಿಯಾದ ಹೆಸರಿಂದ ಕರೆಯೋಣ: ಇದು ಕೈಸಾಲ. ಪತ್ರ ಇಲ್ಲ, ಒತ್ತೆ ಇಲ್ಲ, ಬಡ್ಡಿ ಇಲ್ಲ. ಪ್ರಯಾಣಿಕ ತಾನು ಸಾಲ ಕೊಟ್ಟಿದ್ದೀನಿ ಅಂತಲೇ ತಿಳಿಯದೆ ಕೊಡುವ ಸಾಲ.

ಕಂಪನಿ ಬೆಳೆಯುತ್ತಿರುವಾಗ ಈ ಕೈಸಾಲದ ಹರಿವು ಹೆಚ್ಚುತ್ತಲೇ ಇರುತ್ತೆ. ಹೊಸ ಊರಿಗೆ ಟಿಕೆಟ್ ಮಾರಿದರೆ ಹೊಸ ದುಡ್ಡು ಬರುತ್ತೆ, ಅದರಿಂದ ಹಳೆ ಬಿಲ್ಲು ತೀರುತ್ತೆ. ಎಂಜಿನಿಯರಿಂಗ್‌ನಲ್ಲಿ ನಮಗೆ ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ಪೇಪರ್ ಇತ್ತು. ಅದರಲ್ಲಿ ಪಾಸಿಟಿವ್ ಫೀಡ್‌ಬ್ಯಾಕ್ ಎಂಬ ಮಾತು ಬರುತ್ತೆ. ಮೈಕನ್ನು ಸ್ಪೀಕರ್ ಹತ್ತಿರ ಹಿಡಿದರೆ ಕುಂಯ್ ಅಂತ ಕಿರುಚುತ್ತಲ್ಲ, ಅದು. ಸದ್ದು ಸದ್ದನ್ನು ಹುಟ್ಟಿಸುತ್ತೆ. ಇಲ್ಲೂ ಹಾಗೇ, ಬೆಳವಣಿಗೆ ಬೆಳವಣಿಗೆಗೆ ದುಡ್ಡು ಕೊಡುತ್ತೆ. ಕಷ್ಟ ಏನಂದ್ರೆ ಈ ವ್ಯವಸ್ಥೆ ಇಳಿಯುವಾಗಲೂ ಅಷ್ಟೇ ಜೋರಾಗಿ ಇಳಿಯುತ್ತೆ. ಕಂಪನಿ ಕಷ್ಟದಲ್ಲಿದೆ ಎಂಬ ಸುದ್ದಿ ಹಬ್ಬಿದರೆ ಮುಂಗಡ ಬುಕಿಂಗ್ ಕುಸಿಯುತ್ತೆ. ಮುಂಗಡ ಕುಸಿದರೆ ಕಷ್ಟ ನಿಜವಾಗುತ್ತೆ. ಚೀಟಿ ವ್ಯವಹಾರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಯುರೋಪಿನ ಕಂಪನಿಗಳು ಹೆಚ್ಚಾಗಿ ಬೇಸಿಗೆ ಮುಗಿಯುತ್ತಿದ್ದ ಹಾಗೆ ಬೀಳೋದಕ್ಕೂ ಇದೇ ಕಾರಣ. ಬ್ರಿಟನ್ನಿನ ಮೊನಾರ್ಕ್ 2017ರ ಅಕ್ಟೋಬರ್ 2ಕ್ಕೆ, ಪ್ರೈಮೆರಾ ಏರ್ 2018ರ ಅಕ್ಟೋಬರ್ ಆರಂಭಕ್ಕೆ, ಥಾಮಸ್ ಕುಕ್ 2019ರ ಸೆಪ್ಟೆಂಬರ್‌ಗೆ, ಪ್ಲೇ 2025ರ ಸೆಪ್ಟೆಂಬರ್‌ಗೆ. ಬೇಸಿಗೆಯ ಮುಂಗಡ ಅಷ್ಟೊತ್ತಿಗೆ ಖರ್ಚಾಗಿರುತ್ತೆ, ಎದುರಿಗೆ ಚಳಿಗಾಲದ ಖಾಲಿ ಸೀಟುಗಳಿರುತ್ತವೆ.

9% ಬಡ್ಡಿಯವರು, ಸೊನ್ನೆ ಬಡ್ಡಿಯವರು

ವಾವ್ ದಾರಿ ತಪ್ಪಿದ್ದು ದೊಡ್ಡ ವಿಮಾನಗಳಿಂದ. ಅಮೆರಿಕದ ಪಶ್ಚಿಮ ತೀರ ಮುಟ್ಟಲು 2016ರಿಂದ ಏರ್‌ಬಸ್ ಎ330ಗಳನ್ನು ಬಾಡಿಗೆಗೆ ತಂದರು. ಸಣ್ಣ ವಿಮಾನ, ಸರಳ ಲೆಕ್ಕ ಎಂಬ ಮೂಲ ಸೂತ್ರವೇ ಅಲ್ಲಿಂದ ಸಡಿಲವಾಯಿತು. ದೊಡ್ಡ ಸೀಟಿನ ದುಬಾರಿ ಟಿಕೆಟ್‌ಗಳೂ ಬಂದವು. ಅಗ್ಗದ ಮಾದರಿಯಿಂದ ನಾವು ದೂರ ಸರಿದೆವು ಅಂತ ಮೊಗೆನ್ಸೆನ್ ಅವರೇ ನಂತರ ಒಪ್ಪಿಕೊಂಡರು. 2017ರಲ್ಲಿ ಕಂಪನಿ ನಷ್ಟಕ್ಕೆ ಇಳಿಯಿತು. 2018ರಲ್ಲಿ ತೈಲದ ಬೆಲೆ ಏರಿತು.

2018ರ ಸೆಪ್ಟೆಂಬರ್‌ನಲ್ಲಿ ವಾವ್ ಬಾಂಡ್ ಮೂಲಕ 5 ಕೋಟಿ ಯೂರೋ ಎತ್ತಿತು. ಆ ಬಾಂಡ್ ಕೊಂಡವರು ಕೇಳಿದ ಬಡ್ಡಿ ಯುರೋಪಿನ ಮೂಲ ಬಡ್ಡಿ ದರದ ಮೇಲೆ 9%. ಅಷ್ಟು ಬಡ್ಡಿ ಕೇಳಿದ್ದು ಅಪಾಯ ಗೊತ್ತಿದ್ದುದರಿಂದಲೇ. ಅವರ ಕೈಯಲ್ಲಿ ಕಂಪನಿಯ ಲೆಕ್ಕಪತ್ರ ಇತ್ತು, ಸಲಹೆಗಾರರಿದ್ದರು. ಅದೇ ತಿಂಗಳು ಟಿಕೆಟ್ ಕೊಂಡ ವಿದ್ಯಾರ್ಥಿಯೂ ಅದೇ ಕಂಪನಿಗೆ ಸಾಲ ಕೊಟ್ಟ. ಅವನಿಗೆ ಸಿಕ್ಕ ಬಡ್ಡಿ ಸೊನ್ನೆ, ಅವನ ಕೈಯಲ್ಲಿದ್ದ ಮಾಹಿತಿಯೂ ಬಹುತೇಕ ಸೊನ್ನೆ.

ಈ ಕಥೆಯಲ್ಲಿ ಭಾರತವೂ ಒಂದು ಸಣ್ಣ ಪಾತ್ರ ಮಾಡಿತು. 2018ರ ಮೇ ತಿಂಗಳಲ್ಲಿ ವಾವ್ ದೆಹಲಿಗೆ ಬರುವುದಾಗಿ ಘೋಷಿಸಿತು. ಐಸ್‌ಲ್ಯಾಂಡ್ ಮೂಲಕ ಉತ್ತರ ಅಮೆರಿಕಕ್ಕೆ ಒಂದು ಕಡೆಯ ದರ 13,499 ರೂಪಾಯಿಯಿಂದ ಶುರು ಎಂಬುದು ಆಗ ಇಲ್ಲಿ ದೊಡ್ಡ ಸುದ್ದಿ. ಡಿಸೆಂಬರ್ ಮೊದಲ ವಾರ ವಿಮಾನ ದೆಹಲಿಗೆ ಬಂತು. ಸುಮಾರು ಒಂದು ವಾರ ಕಳೆಯುವಷ್ಟರಲ್ಲಿ ಕಂಪನಿ ತನ್ನ 20 ವಿಮಾನಗಳನ್ನು 11ಕ್ಕೆ ಇಳಿಸುವುದಾಗಿ, ನೂರಕ್ಕೂ ಹೆಚ್ಚು ಕಾಯಂ ನೌಕರರನ್ನು ತೆಗೆಯುವುದಾಗಿ ಹೇಳಿತು. ಜನವರಿಯಲ್ಲಿ ದೆಹಲಿ ಮಾರ್ಗ ಬಂದ್. ತಿಂಗಳುಗಟ್ಟಲೆ ಟಿಕೆಟ್ ಮಾರಿದ ಮಾರ್ಗ ಓಡಿದ್ದು ಕೆಲವೇ ವಾರ.

ಆಮೇಲಿನದು ಐಸಿಯು ದಿನಗಳು. ಪ್ರತಿಸ್ಪರ್ಧಿ ಐಸ್‌ಲ್ಯಾಂಡ್‌ಏರ್ 2018ರ ನವೆಂಬರ್ 5ರಂದು ವಾವ್ ಕೊಳ್ಳುತ್ತೇನೆ ಅಂತು, 29ಕ್ಕೆ ಬೇಡ ಅಂತು. ಅಮೆರಿಕದ ಇಂಡಿಗೋ ಪಾರ್ಟ್‌ನರ್ಸ್ (ನಮ್ಮ ಇಂಡಿಗೋಗೂ ಇದಕ್ಕೂ ಸಂಬಂಧ ಇಲ್ಲ) 7.5 ಕೋಟಿ ಡಾಲರ್‌ವರೆಗೆ ಹಾಕುವ ಮಾತಾಡಿ, 2019ರ ಮಾರ್ಚ್ 21ಕ್ಕೆ ಹಿಂದೆ ಸರಿಯಿತು. ಐಸ್‌ಲ್ಯಾಂಡ್‌ಏರ್ ಮತ್ತೆ ಬಂತು, ಮೂರು ದಿನದಲ್ಲಿ ಮತ್ತೆ ಹೋಯಿತು. ಬಾಂಡ್‌ದಾರರು ಸಾಲವನ್ನು ಷೇರಾಗಿ ಬದಲಿಸಿಕೊಳ್ಳಲು ಒಪ್ಪಿದ ಎರಡೇ ದಿನಕ್ಕೆ, ಮಾರ್ಚ್ 28ರ ಗುರುವಾರ, ಎಲ್ಲ ಮುಗಿಯಿತು. ಹಿಂದಿನ ರಾತ್ರಿ ಉತ್ತರ ಅಮೆರಿಕದಿಂದ ಹೊರಡಬೇಕಿದ್ದ ವಿಮಾನಗಳು ನೆಲ ಬಿಟ್ಟು ಏಳಲಿಲ್ಲ. ಸಾವಿರಾರು ಜನ ಎರಡೂ ಖಂಡಗಳಲ್ಲಿ ಸಿಕ್ಕಿಹಾಕಿಕೊಂಡರು.

‘ಅಜ್ಜ’ನ ಕೊರಳಿಗೆ ಹಗ್ಗ

ವಾವ್ ತನ್ನ ವಿಮಾನಗಳ ನೋಂದಣಿ ಅಕ್ಷರಗಳನ್ನು ಕುಟುಂಬದ ಹಾಗೆ ಇಟ್ಟುಕೊಂಡಿತ್ತು: ಮಾಮ್, ಡ್ಯಾಡ್, ಸಿಸ್, ಸನ್. ಅಜ್ಜನಿಗೆ ‘ಟಿಎಫ್-ಜಿಪಿಎ’. ಕಂಪನಿ ಬಿದ್ದ ದಿನ ಈ ಅಜ್ಜ ಕೆಫ್ಲಾವಿಕ್ ನಿಲ್ದಾಣದಲ್ಲೇ ನಿಂತಿದ್ದ. ನಿಲ್ದಾಣ ನಡೆಸುವ ಸರ್ಕಾರಿ ಕಂಪನಿ ‘ಇಸಾವಿಯಾ’ ಅವನನ್ನು ಕಟ್ಟಿಹಾಕಿತು. ವಾವ್ ನಿಲ್ದಾಣಕ್ಕೆ ಸುಮಾರು 200 ಕೋಟಿ ಕ್ರೋನಾ ಶುಲ್ಕ ಬಾಕಿ ಉಳಿಸಿಕೊಂಡಿತ್ತು. ಅಂದರೆ ಶುಲ್ಕ ಕಟ್ಟದಿದ್ದರೂ ಹಾರಲು ಬಿಟ್ಟು, ಸರ್ಕಾರಿ ಕಂಪನಿಯೂ ಒಂಥರಾ ಸಾಲ ಕೊಟ್ಟಂತಾಗಿತ್ತು.

ಆದರೆ ಆ ವಿಮಾನ ವಾವ್‌ನದಾಗಿರಲಿಲ್ಲ. ಅದರ ಮಾಲೀಕ ಅಮೆರಿಕದ ಏರ್ ಲೀಸ್ ಕಾರ್ಪೊರೇಷನ್, ಅಂದರೆ ವಿಮಾನಗಳನ್ನು ಬಾಡಿಗೆಗೆ ಕೊಡುವ ದೈತ್ಯ. ಅದು ಕೋರ್ಟಿಗೆ ಹೋಯಿತು. ಆ ಒಂದು ವಿಮಾನಕ್ಕೆ ಸೇರಿದ ಬಾಕಿ ಸುಮಾರು 8.7 ಕೋಟಿ ಕ್ರೋನಾ ಮಾತ್ರ, ಅದನ್ನಷ್ಟೇ ಕೊಡುತ್ತೇವೆ, ಉಳಿದದ್ದಕ್ಕೆ ನಮ್ಮ ಆಸ್ತಿ ಒತ್ತೆ ಅಲ್ಲ ಎಂಬುದು ಅದರ ವಾದ. 2019ರ ಜುಲೈನಲ್ಲಿ ಜಿಲ್ಲಾ ನ್ಯಾಯಾಲಯ ಆ ವಾದವನ್ನೇ ಒಪ್ಪಿತು. ಅಜ್ಜ ಬಿಡುಗಡೆಯಾಗಿ ಹಾರಿಹೋದ.

ಈಗ ಸಾಲು ನೋಡಿ. ವಿಮಾನದ ಮಾಲೀಕನಿಗೆ ವಿಮಾನವೇ ಸಿಕ್ಕಿತು. ನಿಲ್ದಾಣಕ್ಕೆ ಕೊನೇ ಪಕ್ಷ ಕಟ್ಟಿಹಾಕಲು ಒಂದು ವಸ್ತು ಇತ್ತು. ನೌಕರರಿಗೆ ಐಸ್‌ಲ್ಯಾಂಡಿನ ವೇತನ ಖಾತರಿ ನಿಧಿ ಇತ್ತು, ಕಂಪನಿ ದಿವಾಳಿಯಾದರೆ ಮಿತಿಯೊಳಗೆ ಬಾಕಿ ಸಂಬಳವನ್ನು ಸರ್ಕಾರಿ ನಿಧಿಯೇ ಕೊಡುತ್ತೆ. ಪ್ಯಾಕೇಜ್ ಟೂರ್ ಕೊಂಡವರಿಗೆ ಯುರೋಪಿನ ಪ್ಯಾಕೇಜ್ ಪ್ರಯಾಣ ನಿಯಮದ ರಕ್ಷಣೆ ಇತ್ತು. ಕ್ರೆಡಿಟ್ ಕಾರ್ಡ್‌ನಲ್ಲಿ ಕೊಂಡವರು ಬ್ಯಾಂಕನ್ನು ಕೇಳಬಹುದಿತ್ತು. ಬರೀ ಟಿಕೆಟ್ ಕೊಂಡು, ಕಾರ್ಡಿನ ರಕ್ಷಣೆಯೂ ಇಲ್ಲದವರಿಗೆ ಉಳಿದದ್ದು ದಿವಾಳಿ ಪ್ರಕ್ರಿಯೆಯಲ್ಲಿ ಒಂದು ಅರ್ಜಿ. ಅದರ ಎದುರಿಗೆ ಹಂಚಲು ಹೆಚ್ಚೇನೂ ಆಸ್ತಿ ಇರಲಿಲ್ಲ.

ನಮ್ಮ ಕಾನೂನು ಯಾರನ್ನು ಮೊದಲು ನೋಡಿತು?

ಅದು ಐಸ್‌ಲ್ಯಾಂಡಿನ ಕಥೆ, ನಮಗೇನು ಅನ್ನಬೇಡಿ. ವಾವ್ ಮುಚ್ಚಿ ಮೂರು ವಾರ ಆಗುವ ಮೊದಲೇ, 2019ರ ಏಪ್ರಿಲ್ 17ಕ್ಕೆ, ಜೆಟ್ ಏರ್‌ವೇಸ್ ಹಾರಾಟ ನಿಂತಿತು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತಿತು. ಬೆಂಗಳೂರಿಗಂತೂ ಈ ಪಾಠ ಮೊದಲೇ ಆಗಿತ್ತು. ಇಲ್ಲೇ ನೋಂದಾಯಿತ ಕಚೇರಿ ಇದ್ದ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನಿಂತಾಗ ಅದರ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಇತ್ತು. ಐಸ್‌ಲ್ಯಾಂಡಿನಲ್ಲಿರುವಂಥ ವೇತನ ಖಾತರಿ ನಿಧಿ ನಮ್ಮಲ್ಲಿಲ್ಲ.

ಗೋ ಫಸ್ಟ್ ಬಿದ್ದಾಗ ವಿಮಾನದ ಮಾಲೀಕರು ದೊಡ್ಡ ಹೋರಾಟವನ್ನೇ ಮಾಡಿದರು. 2024ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ 54 ವಿಮಾನಗಳ ನೋಂದಣಿ ರದ್ದು ಮಾಡಿ ಮಾಲೀಕರಿಗೆ ಒಪ್ಪಿಸಲು ದಾರಿ ಮಾಡಿಕೊಟ್ಟಿತು. ಒಂದು ವರ್ಷದ ನಂತರ, 2025ರ ಏಪ್ರಿಲ್‌ನಲ್ಲಿ, ಸಂಸತ್ತು ವಿಮಾನಗಳನ್ನು ಬಾಡಿಗೆಗೆ ಕೊಡುವ ಕಂಪನಿಗಳ ಹಕ್ಕು ರಕ್ಷಿಸುವ ಪ್ರತ್ಯೇಕ ಮಸೂದೆಯನ್ನೇ ಪಾಸು ಮಾಡಿತು. ಕೇಪ್ ಟೌನ್ ಒಪ್ಪಂದಕ್ಕೆ ಭಾರತ ಸೇರಿದ್ದು 2008ರಲ್ಲಿ. ಅದಕ್ಕೆ ತಕ್ಕ ಕಾನೂನು ಬಂದದ್ದು ಈಗ.

ಈ ಕಾನೂನನ್ನು ನಾನು ವಿರೋಧಿಸುತ್ತಿಲ್ಲ. ಬಾಡಿಗೆಗೆ ಕೊಟ್ಟ ವಿಮಾನ ವಾಪಸ್ ಸಿಗುತ್ತೆ ಎಂಬ ಭರವಸೆ ಇದ್ದರೆ ಬಾಡಿಗೆ ಇಳಿಯುತ್ತೆ, ಟಿಕೆಟ್ ದರವೂ ಇಳಿಯಬಹುದು. ನನ್ನ ತಕರಾರು ಇಷ್ಟೇ. ಡಬ್ಲಿನ್‌ನಲ್ಲೋ ಲಾಸ್ ಏಂಜಲಿಸ್‌ನಲ್ಲೋ ಕೂತ ಮಾಲೀಕನ ಆತಂಕ ನಮ್ಮ ಸಂಸತ್ತಿಗೆ ಕೇಳಿಸಿತು, ಟಿಕೆಟ್ ಕೊಂಡ ನಮ್ಮದೇ ಪ್ರಯಾಣಿಕನದ್ದು ಕೇಳಿಸಲಿಲ್ಲ. ನಮ್ಮ ದಿವಾಳಿ ಸಂಹಿತೆಯ ಸೆಕ್ಷನ್ 53ರಲ್ಲಿ ಯಾರಿಗೆ ಮೊದಲು, ಯಾರಿಗೆ ಕೊನೆ ಎಂಬ ಸಾಲು ಇದೆ. ಮೊದಲು ಪ್ರಕ್ರಿಯೆಯ ಖರ್ಚು, ಆಮೇಲೆ ಕಾರ್ಮಿಕರ ಬಾಕಿ ಮತ್ತು ಒತ್ತೆ ಇಟ್ಟುಕೊಂಡ ಬ್ಯಾಂಕುಗಳು, ಆಮೇಲೆ ಇತರ ನೌಕರರು, ಒತ್ತೆ ಇಲ್ಲದ ಹಣಕಾಸು ಸಾಲಗಾರರು, ಸರ್ಕಾರದ ಬಾಕಿ. ಇದೆಲ್ಲ ಮುಗಿದ ಮೇಲೆ ‘ಉಳಿದ ಸಾಲಗಳು’ ಅಂತ ಒಂದು ಗುಂಪಿದೆ. ಟಿಕೆಟ್ ಕೊಂಡವರು ಸೇರೋದು ಅಲ್ಲಿಗೆ. ಅವರ ಹಿಂದೆ ನಿಂತಿರುವವರು ಕಂಪನಿಯ ಪಾಲುದಾರರು, ಷೇರುದಾರರು ಮಾತ್ರ.

ಏನು ಮಾಡಬಹುದು?

ಪರಿಹಾರ ಬಾಹ್ಯಾಕಾಶ ವಿಜ್ಞಾನವೇನಲ್ಲ. ಬ್ರಿಟನ್ನಿನಲ್ಲಿ 1970ರ ದಶಕದಿಂದ ‘ಅಟೋಲ್’ ಎಂಬ ವ್ಯವಸ್ಥೆ ಇದೆ. ಪ್ಯಾಕೇಜ್ ಟೂರ್ ಕೊಳ್ಳುವ ಪ್ರತಿಯೊಬ್ಬರ ಲೆಕ್ಕದಲ್ಲಿ ಕಂಪನಿ ಎರಡೂವರೆ ಪೌಂಡ್ ನಿಧಿಗೆ ಕಟ್ಟುತ್ತೆ. ಕಂಪನಿ ಮುಳುಗಿದರೆ ಆ ನಿಧಿಯಿಂದ ಜನರನ್ನು ಮನೆಗೆ ತಲುಪಿಸುತ್ತಾರೆ, ದುಡ್ಡು ವಾಪಸ್ ಕೊಡುತ್ತಾರೆ. ಕೊರತೆ ಏನಂದ್ರೆ ವಿಮಾನ ಕಂಪನಿಯಿಂದ ನೇರವಾಗಿ ಕೊಂಡ ಬರೀ ಟಿಕೆಟ್‌ಗೆ ಸಾಮಾನ್ಯವಾಗಿ ಈ ರಕ್ಷಣೆ ಇಲ್ಲ. ಮೊನಾರ್ಕ್ ಬಿದ್ದಾಗ ಸುಮಾರು 1,10,000 ಜನರನ್ನು ಅಲ್ಲಿನ ಸರ್ಕಾರ ವಾಪಸ್ ಕರೆತಂದಿತು. ಅವರಲ್ಲಿ ಬಹಳಷ್ಟು ಜನರಿಗೆ ಅಟೋಲ್ ರಕ್ಷಣೆ ಇರಲಿಲ್ಲ, ಹಾಗಾಗಿ ಖರ್ಚಿನ ದೊಡ್ಡ ಪಾಲು ತೆರಿಗೆದಾರರ ತಲೆಗೆ ಬಂತು. ಖಾಸಗಿ ಕಂಪನಿಯ ಕೈಸಾಲವನ್ನು ಸಾರ್ವಜನಿಕರು ತೀರಿಸಿದ ಹಾಗಾಯಿತು.

ಭಾರತದಲ್ಲಿ ಟಿಕೆಟ್ ಮೇಲೆ ಸಣ್ಣ ಮೊತ್ತ ಸಂಗ್ರಹಿಸೋದು ಹೊಸದಲ್ಲ. ವಿಮಾನಯಾನ ಭದ್ರತಾ ಶುಲ್ಕವನ್ನು 2021ರ ಏಪ್ರಿಲ್‌ನಲ್ಲಿ ದೇಶೀಯ ಪ್ರಯಾಣಕ್ಕೆ 200 ರೂಪಾಯಿಗೆ ಏರಿಸಿದರು. ನಿಲ್ದಾಣದ ಬಳಕೆದಾರ ಶುಲ್ಕ ಬೇರೆ. ಇದೇ ಟಿಕೆಟ್‌ನಲ್ಲಿ ಇನ್ನೊಂದು ಹತ್ತಿಪ್ಪತ್ತು ರೂಪಾಯಿಯನ್ನು ದಿವಾಳಿ ರಕ್ಷಣಾ ನಿಧಿಗೆ ತೆಗೆದಿಡಲು ಆಗೋದಿಲ್ಲವೇ? ಅಥವಾ ಲೆಕ್ಕಪತ್ರ ಕೆಟ್ಟಿರುವ ಕಂಪನಿಗಳಿಗೆ ಮಾತ್ರ, ವಿಮಾನ ಹಾರುವವರೆಗೂ ಮುಂಗಡದ ಒಂದು ಭಾಗವನ್ನು ಪ್ರತ್ಯೇಕ ಖಾತೆಯಲ್ಲಿಡಿ ಅಂತ ಡಿಜಿಸಿಎ ಹೇಳಬಹುದಲ್ಲವೇ? ಮನೆ ಕೊಳ್ಳುವವರ ವಿಷಯದಲ್ಲಿ ರೇರಾ ಮಾಡಿದ್ದು ಇದನ್ನೇ: ಖರೀದಿದಾರರಿಂದ ಬಂದ ದುಡ್ಡಿನ 70% ಆ ಯೋಜನೆಯ ಖಾತೆಯಲ್ಲೇ ಇರಬೇಕು. ಬಿಲ್ಡರ್‌ಗೆ ಅನ್ವಯಿಸುವ ತರ್ಕ ವಿಮಾನ ಕಂಪನಿಗೆ ಯಾಕೆ ಬೇಡ?

ಇದಕ್ಕೊಂದು ಗಟ್ಟಿ ಆಕ್ಷೇಪಣೆ ಇದೆ. ಮುಂಗಡವನ್ನು ಮುಟ್ಟಬಾರದು ಅಂದರೆ ಹೊಸ ಕಂಪನಿಗಳು ಹುಟ್ಟೋದೇ ಕಷ್ಟ, ಇರುವ ದೊಡ್ಡವರು ಇನ್ನೂ ದೊಡ್ಡವರಾಗ್ತಾರೆ. ಇದನ್ನು ತಳ್ಳಿಹಾಕಲು ಆಗಲ್ಲ. ವಾವ್ ಇದ್ದ ಏಳು ವರ್ಷದಲ್ಲಿ ಎಷ್ಟೋ ಜನ ಮೊದಲ ಬಾರಿಗೆ ಅಟ್ಲಾಂಟಿಕ್ ದಾಟಿದರು. ಹಳೆಯ ಕಂಪನಿಗಳೂ ದರ ಇಳಿಸಬೇಕಾಯಿತು. ನಮ್ಮಲ್ಲಿ ಏರ್ ಡೆಕ್ಕನ್ 2003ರಲ್ಲಿ ಬೆಂಗಳೂರಿನಿಂದ ಶುರುವಾದಾಗ ಆಗಿದ್ದೂ ಅದೇ. ಅಗ್ಗದ ವಿಮಾನ ಬೇಕು, ಅದು ಬಡವರ, ವಿದ್ಯಾರ್ಥಿಗಳ ಪರವಾದ ವಿಷಯ. ಹಾಗಾಗಿಯೇ ನನಗೆ ನಿಧಿಯ ದಾರಿ ಹೆಚ್ಚು ಸರಿ ಅನ್ನಿಸುತ್ತೆ. ಅದು ಹೊಸ ಕಂಪನಿಯ ಕೈ ಕಟ್ಟಲ್ಲ, ಆದರೆ ಪ್ರಯೋಗ ಸೋತರೆ ಅದರ ಬೆಲೆ ಅವತ್ತು ನಿಲ್ದಾಣದಲ್ಲಿ ಸಿಕ್ಕಿಬಿದ್ದ ಕೆಲವರ ತಲೆಗೆ ಬೀಳದೆ, ಹಾರುವ ಎಲ್ಲರ ನಡುವೆ ಹತ್ತಿಪ್ಪತ್ತು ರೂಪಾಯಿಯಂತೆ ಹಂಚಿಹೋಗುತ್ತೆ.

ಅಲ್ಲಿಯವರೆಗೆ? ಸಾಧ್ಯವಿದ್ದರೆ ಕ್ರೆಡಿಟ್ ಕಾರ್ಡ್‌ನಲ್ಲಿ ಕೊಳ್ಳಿ, ಸೇವೆ ಸಿಗದಿದ್ದರೆ ಚಾರ್ಜ್‌ಬ್ಯಾಕ್ ಕೇಳುವ ಅವಕಾಶ ಇರುತ್ತೆ ಎಂಬುದೇ ಸದ್ಯದ ಸಲಹೆ. ಆದರೆ ಇದು ಸಲಹೆ, ನ್ಯಾಯ ಅಲ್ಲ. ಕ್ರೆಡಿಟ್ ಕಾರ್ಡ್ ಇರುವವನ ದುಡ್ಡು ವಾಪಸ್ ಬಂದು, ಅಪ್ಪನ ಖಾತೆಯಿಂದ ದುಡ್ಡು ಹೊಂದಿಸಿ ಮೊದಲ ಬಾರಿಗೆ ಹಾರಲು ಹೊರಟವಳದ್ದು ಮುಳುಗುವ ವ್ಯವಸ್ಥೆಯನ್ನು ‘ಹುಷಾರಾಗಿರಿ’ ಅನ್ನುವ ಮಾತಿನಿಂದ ಸರಿಮಾಡಲು ಆಗಲ್ಲ.

ಪ್ಲೇ ಕಂಪನಿ ಕೂಡ ಮುಚ್ಚುವ ಕೆಲವೇ ವಾರಗಳ ಮೊದಲು ಬಾಂಡ್ ಮೂಲಕ ಸುಮಾರು 2 ಕೋಟಿ ಡಾಲರ್ ಹೊಂದಿಸಿಕೊಂಡಿತ್ತು. ದುಡ್ಡು ಹಾಕಿದವರು ಅಪಾಯ ಅಳೆದು, ಷರತ್ತು ಬರೆಸಿಕೊಂಡು ಹಾಕಿದ್ದರು. ಸಾಲ ಕೊಟ್ಟವರಲ್ಲಿ ಷರತ್ತು ಹಾಕಲು ಆಗದವರು ಟಿಕೆಟ್ ಕೊಂಡವರು ಮಾತ್ರ. ಅವರ ಪರವಾಗಿ ಷರತ್ತು ಹಾಕಬೇಕಾದದ್ದು ಸಂಸತ್ತು. ವಿಮಾನದ ಮಾಲೀಕರಿಗಾಗಿ ಆ ಕೆಲಸ ಮಾಡಲು ಅದಕ್ಕೆ ಗೋ ಫಸ್ಟ್ ಒಂದೇ ಸಾಕಾಯಿತು. ಪ್ರಯಾಣಿಕರಿಗಾಗಿ ಇನ್ನೆಷ್ಟು ಕಂಪನಿಗಳು ಬೀಳಬೇಕು?